ಅಡುಗೆಮನೆಯ ವಿನೈಲ್ ನೆಲ: ಮೂಲೆ ಎದ್ದರೆ ಮೊದಲು ಅಡಿಭಾಗ ನೋಡಿ

ಪ್ರಶ್ನೆ: ಅಡುಗೆಮನೆಯ ಗಾರೆ ನೆಲದ ಮೇಲೆ ವಿನೈಲ್ ಟೈಲು ಅಂಟಿಸಿ ಮೂರು ತಿಂಗಳಾಯಿತು. ಸಿಂಕ್ ಮುಂದಿನ ಐದಾರು ಟೈಲುಗಳ ಮೂಲೆ ಮೇಲೆದ್ದಿದೆ. ಸಂದಿಗಳಲ್ಲಿ ಗಮ್ ಜಿನುಗಿ, ಅದಕ್ಕೆ ಕೊಳೆ ಹಿಡಿದು ಕಪ್ಪು ಗೆರೆಗಳಾಗಿವೆ. ಬೆಳಕು ಓರೆಯಾಗಿ ಬಿದ್ದಾಗ ನೆಲದ ಉಬ್ಬುತಗ್ಗು ಎದ್ದು ಕಾಣುತ್ತದೆ. ಕೆಲಸ ಮಾಡಿದವರು 'ಮೂಲೆಗೆ ಸೂಪರ್ ಗ್ಲೂ ಬಿಟ್ಟು ಒತ್ತಿ, ಸರಿಹೋಗುತ್ತೆ' ಎನ್ನುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ಬೇಡ. ಸೂಪರ್ ಗ್ಲೂ ಒಣಗಿದ ಮೇಲೆ ಬಾಗುವುದಿಲ್ಲ, ಸಿಡಿಯುತ್ತದೆ. ವಿನೈಲ್ ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುವ ವಸ್ತು. ಒತ್ತಿದ ಮೂಲೆ ಮತ್ತೆ ಏಳುತ್ತದೆ, ಆಗ ಟೈಲನ್ನು ಹರಿಯದೆ ಬಿಡಿಸಲೂ ಆಗುವುದಿಲ್ಲ.

ಎದ್ದ ಟೈಲುಗಳಲ್ಲಿ ಒಂದನ್ನು ಪೂರ್ತಿ ತೆಗೆಯಿರಿ. ಹೇರ್ ಡ್ರೈಯರನ್ನು ಜೋರು ಬಿಸಿಗೆ ಇಟ್ಟು ಮೂಲೆಯ ಮೇಲೆ ಒಂದೆರಡು ನಿಮಿಷ ಆಡಿಸಿ. ಗಮ್ ಮೆತ್ತಗಾದಾಗ ಪುಟ್ಟಿ ಬ್ಲೇಡನ್ನು ನೆಲಕ್ಕೆ ಒರಗಿಸಿದಂತೆ ಒಳಗೆ ತೂರಿಸಿ, ಬಿಸಿ ಮಾಡುತ್ತಾ ಮುಂದೆ ಸರಿಯಿರಿ. ಈಗ ಟೈಲಿನ ಬೆನ್ನು ನೋಡಿ, ಮುಕ್ಕಾಲು ಪಾಲು ಉತ್ತರ ಅಲ್ಲೇ ಇರುತ್ತದೆ.

ಬೆನ್ನು ಹೊಸದರಂತೆ ಸ್ವಚ್ಛವಾಗಿದ್ದು, ನೆಲದ ಗಮ್‌ನಲ್ಲಿ ಹಲ್ಲಿನ ಕರಣೆ ಎಳೆದ ಗೆರೆಗಳು ಹಾಗೇ ನಿಂತಿದ್ದರೆ, ಗಮ್ ಆರಿಹೋದ ಮೇಲೆ ಟೈಲು ಇಟ್ಟಿದ್ದಾರೆ ಅಥವಾ ಮೇಲೆ ರೋಲರ್ ಆಡಿಸಿಲ್ಲ. ಗಮ್ಮೆಲ್ಲ ಟೈಲಿಗೇ ಬಂದು ಅದರ ಮೇಲೆ ಬೂದು ಪುಡಿ ಕೂತಿದ್ದರೆ, ನೆಲದ ಧೂಳು ತೆಗೆದಿಲ್ಲ, ಪ್ರೈಮರ್ ಹಚ್ಚಿಲ್ಲ. ಗಮ್ ದಪ್ಪಗೆ, ಜೇಡರ ಎಳೆಯಂತೆ ಹಿಗ್ಗುತ್ತಿದ್ದರೆ ಅದು ಅತಿಯಾಗಿದೆ, ಇಲ್ಲವೇ ಹದಕ್ಕೆ ಬರುವ ಮೊದಲೇ ಟೈಲು ಕೂರಿಸಿದ್ದಾರೆ. ನಿಮ್ಮ ಸಂದಿಗಳ ಕಪ್ಪು ಗೆರೆಗೆ ಬಹುತೇಕ ಇದೇ ಕಾರಣ. ಗಮ್ ಹಾಲಿನಂತೆ ಬೆಳ್ಳಗೆ ಕಲೆಸಿಹೋಗಿ ವಾಸನೆ ಬಂದರೆ ಅದು ನೀರಿನ ಕೆಲಸ.

ಸಿಂಕ್ ಮುಂದೆಯೇ ಎದ್ದಿರುವುದರಿಂದ ಈ ಕೊನೆಯದನ್ನು ಬಿಡಬೇಡಿ. ಸಿಂಕ್ ಕೆಳಗಿನ ಟ್ರ್ಯಾಪ್ (ನೀರು ನಿಲ್ಲುವ ಬಾಗಿದ ಕೊಳವೆ), ಪೈಪಿನ ಜೋಡಣೆಗಳನ್ನು ಒಣ ಟಿಶ್ಯೂ ಕಾಗದದಿಂದ ಒರೆಸಿ ನೋಡಿ, ಕಣ್ಣಿಗೆ ಕಾಣದ ಸೋರಿಕೆ ಕಾಗದಕ್ಕೆ ಅಂಟುತ್ತದೆ. ಅಲ್ಲಿ ಒಣಗಿದ್ದರೆ ಅಕ್ಕಪಕ್ಕದ ನಾಲ್ಕು ಟೈಲು ತೆಗೆದು, ಗಮ್ ಕೆರೆದು, ಸುಮಾರು 45 ಸೆಂ.ಮೀ. ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಬರಿ ನೆಲದ ಮೇಲೆ ಹರಡಿ ನಾಲ್ಕೂ ಅಂಚಿಗೆ ಟೇಪ್ ಹಾಕಿ. 24 ಗಂಟೆ ಬಿಟ್ಟು ಎತ್ತಿದಾಗ ಹಾಳೆಯ ಅಡಿ ಹನಿ ಕಂಡರೆ ಅಥವಾ ಗಾರೆ ಕಪ್ಪಾಗಿದ್ದರೆ ತೇವ ನೆಲದಿಂದಲೇ ಏರುತ್ತಿದೆ. ಅದನ್ನು ತಡೆಯುವ ಲೇಪನ ಕೊಡದೆ ಎಷ್ಟು ಒಳ್ಳೆಯ ಗಮ್ ಹಾಕಿದರೂ ವ್ಯರ್ಥ.

ಉಬ್ಬುತಗ್ಗಿಗೆ ಟೈಲನ್ನು ದೂರಬೇಡಿ. ಅದರ ದಪ್ಪ 2–3 ಮಿ.ಮೀ., ಅಡಿಯಲ್ಲಿರುವ ಮರಳಿನ ಕಾಳೂ ಮೇಲೆ ಮೂಡುತ್ತದೆ. 2 ಮೀಟರಿನ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲಿಟ್ಟು ಕೆಳಗಿನ ಸಂದು ಅಳೆಯಿರಿ. 3 ಮಿ.ಮೀ. ದಾಟಿದ ಕಡೆ ಉಬ್ಬನ್ನು ಉಜ್ಜಿ, ತಗ್ಗಿಗೆ ಪ್ರೈಮರ್ ಹಚ್ಚಿ ಸಿಮೆಂಟ್ ಆಧಾರದ ಲೆವೆಲಿಂಗ್ ಮಿಶ್ರಣ ತುಂಬಬೇಕು. ಗೋಡೆಗೆ ಹಚ್ಚುವ ಪುಟ್ಟಿ ಇಲ್ಲಿಗೆ ಆಗದು, ಕಾಲಡಿ ಪುಡಿಯಾಗುತ್ತದೆ.

ಮರಳಿ ಅಂಟಿಸುವಾಗ ಹಳೆ ಗಮ್ ಕೆರೆದು, ಧೂಳು ಎಳೆದು ತೆಗೆಯಿರಿ. ಡಬ್ಬಿಯ ಮೇಲೆ ಹೇಳಿದ ಹಲ್ಲಿನ ಕರಣೆಯನ್ನೇ ಬಳಸಿ, ಇಂಥ ಟೈಲಿಗೆ ಸಾಮಾನ್ಯವಾಗಿ 1.6 ಮಿ.ಮೀ. ಚೌಕ ಹಲ್ಲು. ಅಕ್ರಿಲಿಕ್ ಗಮ್ ಹಚ್ಚಿದಾಗ ಬೆಳ್ಳಗಿರುತ್ತದೆ. ಅದು ಪಾರದರ್ಶಕವಾಗಿ, ಬೆರಳಿಟ್ಟರೆ ಅಂಟಂಟಾಗಿದ್ದರೂ ಬೆರಳಿಗೆ ಹತ್ತಿ ಬರದಂತಾದಾಗ ಹದ ಬಂದಿದೆ. ಈ ಕಾಯುವಿಕೆಯಲ್ಲೇ ಎಲ್ಲರೂ ಅವಸರ ಮಾಡುವುದು. ಟೈಲನ್ನು ಜಾರಿಸಬೇಡಿ, ಜಾರಿಸಿದರೆ ಗಮ್ ಸಂದಿಗೆ ಏರುತ್ತದೆ. ಅಂಚಿಗೆ ಅಂಚು ತಾಗಿಸಿ ಮೇಲಿನಿಂದ ಇಳಿಸಿ. ಇಡೀ ನೆಲವಾದರೆ 45 ಕೆ.ಜಿ. ರೋಲರನ್ನು ಎರಡು ದಿಕ್ಕಿನಲ್ಲಿ ಆಡಿಸಬೇಕು. ನಾಲ್ಕಾರು ಟೈಲಿಗೆ ಕೈ ರೋಲರ್ ಸಾಕು, ಅದೂ ಇಲ್ಲದಿದ್ದರೆ ಬಟ್ಟೆ ಸುತ್ತಿದ ಲಟ್ಟಣಿಗೆಯ ಮೇಲೆ ಮೈಭಾರ ಬಿಟ್ಟು ಉರುಳಿಸಿ. ಮೇಲೆ ಒಂದು ದಿನ ಭಾರ ಹೇರಿಡಿ. ನಾಲ್ಕೈದು ದಿನ ನೀರು ಹಾಕಿ ಒರೆಸಬೇಡಿ.

ಬಹುದಿನ ಸುರುಳಿಗಟ್ಟಿದ ಟೈಲು ಚಪ್ಪಟೆಯಾದಂತೆ ಕಂಡರೂ ಮತ್ತೆ ಏಳುತ್ತದೆ. ಪೆಟ್ಟಿಗೆಯಲ್ಲಿ ಉಳಿದ ಹೊಸದನ್ನು, ಬೆನ್ನಿನ ಬಾಣ ಅಕ್ಕಪಕ್ಕದವಕ್ಕೆ ಹೊಂದುವಂತೆ ಹಾಕಿ. ಮೇಲ್ಮೈಯ ಒಣ ಗಮ್‌ಗೆ ಬಟ್ಟೆಗೆ ತುಸು ಮಿನರಲ್ ಟರ್ಪಂಟೈನ್ ಹಾಕಿಕೊಂಡು, ಮರೆಯ ಮೂಲೆಯಲ್ಲಿ ಪರೀಕ್ಷಿಸಿ, ಒರೆಸಿ. ಸಂದಿಗೆ ಸುರಿಯಬೇಡಿ. ಅಸಿಟೋನ್ ಹತ್ತಿರವೂ ತರಬೇಡಿ, ವಿನೈಲನ್ನೇ ಕರಗಿಸುತ್ತದೆ.

ಇದಕ್ಕೆಲ್ಲ ಮೊದಲು ಇಡೀ ನೆಲವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಟೊಳ್ಳು ಸದ್ದು ಬಂದ ಟೈಲಿಗೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಹತ್ತಕ್ಕೆ ಒಂದಿದ್ದರೆ ತೇಪೆ ಸಾಕು. ನಾಲ್ಕಕ್ಕೆ ಒಂದಾದರೆ ಎಲ್ಲವನ್ನೂ ಕೀಳಿಸುವುದೇ ಲೇಸು. ಕೆಲಸದವರ ಜೊತೆ ಮಾತಿಗೆ ಕೂರುವಾಗ ಈ ಗುರುತುಗಳ ಫೋಟೊ, ಕಿತ್ತ ಟೈಲಿನ ಬೆನ್ನು ಎರಡೂ ನಿಮ್ಮ ಕೈಯಲ್ಲಿರಲಿ.

ಪ್ರಶ್ನೆ: ಟೈಲಿನ ಸಾಲು ಬಾಗಿಲ ಬಳಿ ನೇರವಾಗಿದ್ದು, ಹೋಗುತ್ತಾ ಹೋಗುತ್ತಾ ಓರೆಯಾಗಿದೆ. ಸಂದೂ ಬಿಟ್ಟಿದೆ.

ಉತ್ತರ: ಗೋಡೆಯನ್ನೇ ನೇರವೆಂದು ನಂಬಿ ಅಲ್ಲಿಂದ ಶುರು ಮಾಡಿದ್ದಾರೆ. ಅಂಟಿದ ಸಾಲನ್ನು ಸರಿಸಲಾಗದು. ಒಂದು ಮಿ.ಮೀ. ಒಳಗಿನ ಸಂದಿಗೆ ಬಣ್ಣ ಹೊಂದುವ ಅಕ್ರಿಲಿಕ್ ಫಿಲ್ಲರ್ ತುಂಬಬಹುದು. ಅದಕ್ಕೂ ಅಗಲವಾದುದನ್ನು ತುಂಬಿದರೆ ತುಂಬಿದ್ದೇ ಕಣ್ಣಿಗೆ ಹೊಡೆಯುತ್ತದೆ. ಮತ್ತೆ ಹಾಕಿಸುವುದಾದರೆ ಕೋಣೆಯ ನಡುವೆ ಬಣ್ಣದ ದಾರ ಹೊಡೆದು ಎರಡು ಗೆರೆ ಎಳೆಸಿ. ಅವು ಕೂಡುವಲ್ಲಿಂದ ಒಂದರ ಮೇಲೆ 90 ಸೆಂ.ಮೀ., ಇನ್ನೊಂದರ ಮೇಲೆ 120 ಸೆಂ.ಮೀ. ಗುರುತಿಸಿದಾಗ, ಗುರುತುಗಳ ನಡುವೆ ಸರಿಯಾಗಿ 150 ಬಂದರೆ ಮೂಲೆಮಟ್ಟ ಸರಿ. ಗೋಡೆ ಬದಿಗೆ ಅರ್ಧಕ್ಕಿಂತ ಸಣ್ಣ ತುಂಡು ಬೀಳುವಂತಿದ್ದರೆ ಗೆರೆಯನ್ನು ಅರ್ಧ ಟೈಲಿನಷ್ಟು ಸರಿಸಿ.

ಪ್ರಶ್ನೆ: ನಮ್ಮದು ಗಮ್ ಇಲ್ಲದೆ ಒಂದಕ್ಕೊಂದು ಸಿಕ್ಕಿಸುವ ವಿನೈಲ್. ನಡುವೆ ಡುಬ್ಬದಂತೆ ಎದ್ದಿದೆ.

ಉತ್ತರ: ನೆಲಕ್ಕೆ ಹಿಗ್ಗಲು ಜಾಗವಿಲ್ಲ. ಸ್ಕರ್ಟಿಂಗ್ ಬಿಚ್ಚಿ ನೋಡಿ, ಹಲಗೆ ಗೋಡೆಗೆ ತಾಗಿದ ಕಡೆ ಸುಮಾರು 6 ಮಿ.ಮೀ. ಕತ್ತರಿಸಿ. ಬಾಗಿಲ ಚೌಕಟ್ಟು, ಪೈಪಿನ ಸುತ್ತಲೂ ಹಾಗೆಯೇ. ಸ್ಕರ್ಟಿಂಗನ್ನು ಗೋಡೆಗೆ ಹೊಡೆಯಬೇಕು, ನೆಲಕ್ಕಲ್ಲ. ಇಷ್ಟಾದರೂ ಇಳಿಯದಿದ್ದರೆ ಕಪಾಟುಗಳನ್ನು ನೋಡಿ: ಹೀಗೆ ಅಂಟಿಸದೆ ಹಾಸಿದ 'ತೇಲುವ' ನೆಲದ ಮೇಲೆ ಅವನ್ನು ನಿಲ್ಲಿಸಿದ್ದರೆ ಆ ತುದಿ ಮೊಳೆ ಹೊಡೆದಂತೆ ಕಚ್ಚಿಕೊಂಡಿರುತ್ತದೆ. ಕಪಾಟಿನ ಮುಂಭಾಗದ ಗೆರೆಗೆ ಸರಿಯಾಗಿ ಕತ್ತರಿಸಿ ಬಿಡಿಸುವುದೊಂದೇ ದಾರಿ.

ಪ್ರಶ್ನೆ: ಹೊಸ ಟೈಲು ಎದ್ದ ಕಡೆ ಅಡಿಯಲ್ಲಿ 9 ಇಂಚಿನ ಹಳೆಯ ಟೈಲು, ಕಪ್ಪು ಗಮ್ ಕಾಣುತ್ತಿದೆ. ಗ್ರೈಂಡರ್ ಹಾಕಿ ತೆಗೆಸಲೇ?

ಉತ್ತರ: ನಿಲ್ಲಿಸಿ. 1980ಕ್ಕೆ ಹಿಂದಿನ ಇಂಥ ಟೈಲು, ಕಪ್ಪು ಗಮ್ ಎರಡರಲ್ಲೂ ಆಸ್ಬೆಸ್ಟಾಸ್ ಇರಬಹುದು. ಉಜ್ಜಿದರೆ ಅದರ ನಾರು ಗಾಳಿಗೆ ಸೇರಿ ಶ್ವಾಸಕೋಶ ಹೊಕ್ಕುತ್ತದೆ. ಒಣಗಿದ್ದಾಗ ಗುಡಿಸಲೂಬೇಡಿ. ತುಂಡೊಂದನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಇದೆ ಎಂದಾದರೆ, ಹಳೆಯದು ಗಟ್ಟಿಯಾಗಿ ಅಂಟಿದ್ದಲ್ಲಿ ಕೆದಕದೆ ಮೇಲೆ ಮುಚ್ಚುವುದು, ಕಿತ್ತುಬರುತ್ತಿದ್ದಲ್ಲಿ ಆ ಕೆಲಸಕ್ಕೆ ತರಬೇತಾದವರನ್ನೇ ಕರೆಸುವುದು.