ಪೂಜೆಯಲ್ಲಿ ಸಮಾಧಾನ, ಕಣದಲ್ಲಿ ಬೈಗುಳ

ಪ್ರಶ್ನೆ: ಫಾದರ್, ನಾನು ಕಾಫಿ ತೋಟದಲ್ಲಿ ರೈಟರ್, ಆಳುಗಳ ಹಾಜರಿ, ಲೆಕ್ಕ ಬರೆಯುವವನು. ಭಾನುವಾರದ ಪೂಜೆ ತಪ್ಪಿಸುವವನಲ್ಲ. ಆದರೆ ಹಣ್ಣು ಕುಯ್ಯುವ ಕಾಲ ಬಂದರೆ ಬಾಯಿ ಹಿಡಿತದಲ್ಲಿ ಇರುವುದಿಲ್ಲ. ಸಂಜೆ ತೂಕದ ಹೊತ್ತಿಗೆ ಚೀಲದಲ್ಲಿ ಹಸಿರು ಕಾಯಿ ಕಂಡರೆ ಆಳುಗಳಿಗೆ ಬಾಯಿಗೆ ಬಂದಂತೆ ಬೈಯುತ್ತೇನೆ. ಪಾಪನಿವೇದನೆಯಲ್ಲಿ ಗುರುಗಳ ಮುಂದೆ ಪ್ರತಿ ಸಲ ಅದನ್ನೇ ಹೇಳಲು ನಾಚಿಕೆ. ಈಗ ಪೂಜೆಯಲ್ಲಿ ಕೊಡುವ ಪರಮಪ್ರಸಾದ ತೆಗೆದುಕೊಳ್ಳುವುದನ್ನೂ ಬಿಟ್ಟಿದ್ದೇನೆ. ಏನು ಮಾಡಲಿ?
– ಓದುಗ, ಮೂಡಿಗೆರೆ

ಉತ್ತರ: ಹಸಿರು ಕಾಯಿ ಬೆರೆತರೆ ಕಾಫಿಯ ರುಚಿ ಕೆಡುತ್ತದೆ, ನಿಜ. ಕೂಲಿ ಕಿಲೋ ಲೆಕ್ಕದಲ್ಲಾದರೆ ಆಳುಗಳಿಗೂ ಅವಸರ. ಹೇಳಬೇಕಾದ್ದನ್ನು ಹೇಳಲೇಬೇಕು. ನಾನು ಕೇಳುವುದು ಬೇರೆ. ಅದೇ ಹೊತ್ತಿಗೆ ಸಾಹುಕಾರರು ಜೀಪಿನಲ್ಲಿ ಬಂದು ನಿಮ್ಮನ್ನೇ ಗದರಿದರೆ, ಅವರಿಗೂ ಹೀಗೇ ಬೈಯುತ್ತೀರಾ? ಇಲ್ಲ ಅಲ್ವಾ. ಅಂದರೆ ನಾಲಿಗೆ ಹಿಡಿಯುವುದು ನಿಮಗೆ ಗೊತ್ತು. ತಿರುಗಿ ಮಾತಾಡಲಾಗದವರ ಮುಂದೆ ಮಾತ್ರ ಸಡಿಲ ಬಿಡುತ್ತೀರಿ. ಪಾಪನಿವೇದನೆಯಲ್ಲಿ ಹೇಳಬೇಕಾದ್ದು ಇದನ್ನು. ಸುಮ್ನೆ ‘ಕೋಪ ಬಂತು’ ಅಂದರೆ ಆಗಲಿಲ್ಲ.

16ನೇ ಶತಮಾನದಲ್ಲಿ ಯೇಸುಸಭೆ ಎಂಬ ಗುರುಗಳ ಸಂಘ ಕಟ್ಟಿದ ಲೊಯೋಲಾದ ಸಂತ ಇಗ್ನೇಷಿಯಸ್ ಒಂದು ಅಭ್ಯಾಸ ಕಲಿಸಿದರು. ಒಂದು ಸಲಕ್ಕೆ ಒಂದೇ ದೋಷ ಹಿಡಿಯಬೇಕು. ಬೆಳಿಗ್ಗೆ ಎದ್ದ ಕೂಡಲೇ ಅದನ್ನು ನೆನೆಯಬೇಕು. ಮಧ್ಯಾಹ್ನದ ಊಟವಾದ ಮೇಲೆ ಒಮ್ಮೆ, ರಾತ್ರಿ ಊಟವಾದ ಮೇಲೆ ಒಮ್ಮೆ, ಎಷ್ಟು ಸಲ ಎಡವಿದೆ ಎಂದು ಗೆರೆಯ ಮೇಲೆ ಚುಕ್ಕಿ ಇಡಬೇಕು. ಈ ವಾರದ್ದನ್ನು ಹೋದ ವಾರದ್ದರ ಜೊತೆ ಹೋಲಿಸಬೇಕು. ದಿನಾ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ, ಬರೆಯುವ ನಿಮಗೆ ಇದೇನು ಕಷ್ಟವಲ್ಲ. ಚುಕ್ಕಿಗಳೆಲ್ಲ ಬಹುಶಃ ತೂಕದ ಹೊತ್ತಿಗೇ ಬೀಳುತ್ತವೆ. ಹಾಗಾದರೆ ತಕ್ಕಡಿ ಮುಟ್ಟುವ ಮುಂಚೆ ಏನಾದರೂ ತಿಂದು, ಒಂದು ಲೋಟ ಕಾಫಿ ಕುಡಿದು, ಯೇಸು ಕಲಿಸಿದ ಪರಲೋಕ ಮಂತ್ರ ಹೇಳಿ. ಹಸಿವಿಗೂ ಬೈಗುಳಕ್ಕೂ ನಂಟು ಜಾಸ್ತಿ.

ಇನ್ನೊಂದಿದೆ, ಇದು ಕಷ್ಟದ್ದು. ಬೈಬಲಿನಲ್ಲಿ ಮತ್ತಾಯ 5ನೇ ಅಧ್ಯಾಯದ 23, 24ನೇ ವಚನ ಓದಿ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಸೋದರನ ಜೊತೆ ರಾಜಿಯಾಗು ಎನ್ನುತ್ತಾರೆ ಯೇಸು. ನೀವು ಬೈದದ್ದು ಎಲ್ಲರ ಎದುರು. ಮೂಲೆಗೆ ಕರೆದು ಕ್ಷಮೆ ಕೇಳಿದರೆ ಸಾಲದು. ಮರುದಿನ ಹಾಜರಿ ಕರೆಯುವಾಗ ಎಲ್ಲರಿಗೂ ಕೇಳುವಂತೆ ‘ನಿನ್ನೆ ನಾನು ಹಾಗೆ ಅಂದದ್ದು ತಪ್ಪಮ್ಮ’ ಎನ್ನಿ. ಹೀಗೆ ಮಾಡಿದರೆ ಆಳುಗಳು ತಲೆ ಮೇಲೆ ಕೂರುತ್ತಾರೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ.

ಪರಮಪ್ರಸಾದದಿಂದ ನೀವಾಗಿಯೇ ದೂರ ಉಳಿಯಬೇಡಿ. ಅದೇ ಪಾಪವನ್ನು ಮತ್ತೆ ಹೇಳಲು ನಾಚಬೇಡಿ. ಬಯಸಿದ ಒಳ್ಳೆಯದನ್ನು ಮಾಡಲಾಗುತ್ತಿಲ್ಲ ಎಂದು ಸಂತ ಪೌಲರೇ ರೋಮಿನವರಿಗೆ ಬರೆದಿದ್ದಾರೆ. ಆದರೆ ನಾಚಿಕೆಗೆ ಹೆದರಿ ಪ್ರತಿ ಸಲ ಹೊಸ ಗುರುಗಳನ್ನು ಹುಡುಕಿಕೊಂಡು ಹೋಗಬೇಡಿ. ನಿಮ್ಮನ್ನು ಬಲ್ಲ ಒಬ್ಬರ ಹತ್ತಿರವೇ ಹೋಗಿ. ಯಾರಿಗೆ, ಏನಂದಿರಿ ಎಂಬುದನ್ನೂ ಹೇಳಿ.