ಓದುಗರ ಪ್ರಶ್ನೆ, ನಮ್ಮ ಉತ್ತರ: ಚೇಂದಮಂಗಲಂನ ಆ ಕಲ್ಲು

ಪ್ರಶ್ನೆ: ಮುಂದಿನ ತಿಂಗಳು ಮನೆಮಂದಿಯೆಲ್ಲ ಕೊಚ್ಚಿಗೆ ಹೊರಟಿದ್ದೇವೆ. ಯಹೂದಿಗಳ ಕಲೆ, ಬದುಕು ತಿಳಿಯಲು ಮಟ್ಟಾಂಚೇರಿಯ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದನ್ನು ನೋಡಿದರೆ ಸಾಕೇ?
– ಓದುಗರೊಬ್ಬರು, ಶಿರಸಿ

ಉತ್ತರ: ಸಾಲದು. 1568ರ ಆ ಪರದೇಸಿ ಸಿನಗಾಗ್ ಚೆಂದವೇ. ನೆಲದ ನೀಲಿ–ಬಿಳಿ ಚೀನೀ ಹಂಚುಗಳನ್ನು ಕೈಯಲ್ಲೇ ಬರೆದಿದ್ದಾರೆ, ಬಗ್ಗಿ ನೋಡಿ. ಆದರೆ ಅಲ್ಲಿ ನೂಕುನುಗ್ಗಲು. ಶನಿವಾರವಂತೂ ಬಾಗಿಲು ಮುಚ್ಚಿರುತ್ತದೆ.

ಅರ್ಧ ದಿನ ಬಿಡುವು ಮಾಡಿಕೊಂಡು ಪರವೂರು, ಚೇಂದಮಂಗಲಂ ಕಡೆ ಹೋಗಿ. ಊರಿನ ಯಹೂದಿಗಳು 1950ರ ದಶಕದಲ್ಲಿ ಇಸ್ರೇಲಿಗೆ ಹೋದ ಮೇಲೆ ಬರಿದಾದ ಸಿನಗಾಗ್‌ಗಳನ್ನು ದುರಸ್ತಿ ಮಾಡಿ ಪುಟ್ಟ ಮ್ಯೂಸಿಯಂ ಮಾಡಿದ್ದಾರೆ. ಚೇಂದಮಂಗಲಂನಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಹೊರಗಿನ ಒಂದು ಸಮಾಧಿಕಲ್ಲಿನ ಮುಂದೆ. ಇಸ್ರೇಲ್ ಎಂಬಾತನ ಮಗಳು ಸಾರಾ, 1269. ಹೀಬ್ರೂ ಅಕ್ಷರ ನನಗೆ ಓದಲು ಬಾರದು, ಆದರೂ ಕಣ್ಣು ತುಂಬಿತು. ನಮ್ಮಲ್ಲಿ ಹೊಯ್ಸಳರು ಆಳುತ್ತಿದ್ದ ಕಾಲವದು! ರಾಜನಲ್ಲ, ವೀರನಲ್ಲ, ಯಾರದೋ ಮಗಳ ಹೆಸರು ಉಳಿದಿದೆ.

ಒಳಗೆ ಹೋದಾಗ ತಲೆಯೆತ್ತಿ ಮಹಡಿ ನೋಡಿ. ಹೆಂಗಸರು ಕೂರುತ್ತಿದ್ದದ್ದು ಅಲ್ಲಿ, ಮರದ ಜಾಲರಿಯ ಹಿಂದೆ. ಅದರ ಮುಂಭಾಗದಲ್ಲೇ, ಕೆಳಗಿನದ್ದಲ್ಲದೆ, ಧರ್ಮಗ್ರಂಥ ಓದುವ ಎರಡನೇ ಪೀಠವಿದೆ. ಇದು ಕೇರಳದ ಸಿನಗಾಗ್‌ಗಳ ವೈಶಿಷ್ಟ್ಯ. ಆ ಹೆಂಗಸರು ಮದುವೆ ಮನೆಯಲ್ಲಿ ಮಲಯಾಳದಲ್ಲೇ ಹಾಡುತ್ತಿದ್ದರು, ಹಾಡುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ನಮ್ಮಜ್ಜಿ ಶೋಭಾನೆ ಹಾಡು ಬರೆದಿಟ್ಟ ಹಾಗೆಯೇ. ನಿಮ್ಮ ಮನೆಯಲ್ಲಿ ಹಾಡು ಬಲ್ಲ ಹಿರಿಯರಿದ್ದರೆ ಅವರನ್ನು ಖಂಡಿತ ಕರೆದುಕೊಂಡು ಹೋಗಿ.