ಗಡಿಗೆಯ ತೊಗರಿಗೂ ವಯಸ್ಸಾಗುತ್ತದೆ

ಪ್ರಶ್ನೆ: ಸರ್, ನಮ್ಮತ್ತಿ ಕೆಮ್ಮಣ್ಣು ಹಚ್ಚಿ ಒಣಗಿಸಿ ಗಡಿಗ್ಯಾಗ ಇಟ್ಟ ತೊಗರಿ ಎರಡು ವರ್ಷ ಆದ್ಮ್ಯಾಲೂ ಮೊಳಕಿ ಒಡದದ. ಅತ್ತಿ ಮೊಣಕಾಲು ಮಾತ್ರ ಹಿಡದಾವ. ಬೀಜಕ್ಕ ವಯಸ್ಸೇ ಆಗಲ್ಲೇನ್ರಿ? ನಮ್ಮ ಜೀವಕೋಶ ಯಾಕ ಹಂಗ ಇರಲ್ಲ?
– ಓದುಗರು, ಆಳಂದ ತಾಲ್ಲೂಕು

ಉತ್ತರ: ಆಗ್ತದ್ರಿ, ಆದರೆ ನಿಧಾನಕ್ಕೆ. ನಿಮ್ಮತ್ತೆಯವರು ಅದನ್ನು ಇನ್ನಷ್ಟು ನಿಧಾನ ಮಾಡಿದ್ದಾರೆ.

ಚೆನ್ನಾಗಿ ಒಣಗಿದ ತೊಗರಿಯಲ್ಲಿ ನೀರಿನಂಶ ನೂರಕ್ಕೆ ಒಂಬತ್ತು-ಹತ್ತು ಭಾಗ. ಆಗ ಕೋಶದೊಳಗಿನ ದ್ರವ ಗಾಜಿನಂತೆ ಬಿಗಿದುಕೊಂಡು ಅಣುಗಳನ್ನು ಅಲುಗಾಡಗೊಡುವುದಿಲ್ಲ. ಉಸಿರಾಟ ಇದ್ದೂ ಇಲ್ಲದ ಹಾಗೆ. ಆದರೂ ಒಳಗಿನ ಕೊಬ್ಬು ಕಮಟುತ್ತದೆ, ಕೋಶದ ವಂಶಗುಣ ಹೊತ್ತ ಡಿಎನ್ಎ ಎಳೆ ಅಲ್ಲಲ್ಲಿ ತುಂಡಾಗುತ್ತದೆ. ಎಣ್ಣೆ ಹೆಚ್ಚಿರುವ ಸೋಯಾ ಬೀಜ ಬೇಗ ಕೈಕೊಡಲು ಇದೂ ಒಂದು ಕಾರಣ. ಬೀದರ್ ಕಡೆಯ ರೈತರನ್ನು ಕೇಳಿ ನೋಡಿ.

ನನಗೆ ಬಲು ಇಷ್ಟದ ಸಂಗತಿ ಮುಂದಿದೆ. ಮಿರಗದ ಮಳೆಗೆ ನೆನೆದ ಬೀಜ ಮೊಳಕೆಗೆ ಮುಂಚೆ ರಿಪೇರಿಗೆ ಕೂರುತ್ತದೆ. ನೀರು ಒಳಹೊಕ್ಕ ಕೆಲವೇ ಗಂಟೆಗಳಲ್ಲಿ ಕಿಣ್ವಗಳು, ಅಂದರೆ ಕೋಶದ ಕೆಲಸ ನಡೆಸುವ ಪ್ರೋಟೀನುಗಳು, ಎದ್ದು ತುಂಡಾದ ಡಿಎನ್ಎ ಜೋಡಿಸತೊಡಗುತ್ತವೆ. ಕೋಶ ಒಡೆದು ಎರಡಾಗುವುದೆಲ್ಲ ಆಮೇಲೆ. ಕೆಟ್ಟದ್ದು ರಿಪೇರಿಗೆ ಮೀರಿದ್ದರೆ ಮೊಳಕೆ ಸೊರಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಇಸ್ರೇಲಿನ ಮಸಾಡ ಕೋಟೆಯಲ್ಲಿ ಸಿಕ್ಕ ಸುಮಾರು 2,000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಚಿಗುರಿತು. ಅಲ್ಲಿಯದು ಮರುಭೂಮಿಯ ಒಣಹವೆ. ನಮ್ಮ ಶ್ರಾವಣದ ತೇವದಲ್ಲಿ ಆ ಆಸೆ ಬೇಡ.

ಮನುಷ್ಯನ ಕೋಶಕ್ಕೆ ಹೀಗೆ ಒಣಗಿ ಕಾಯುವ ಸೌಲಭ್ಯವಿಲ್ಲ, ಹಗಲೂ ರಾತ್ರಿ ದುಡಿತ. ರಿಪೇರಿಯೂ ದುಡಿಯುತ್ತಲೇ ನಡೆಯಬೇಕು. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಕೋಶಗಳು ಸುಮಾರು 50 ಸಲ ವಿಭಜನೆಯಾಗಿ ನಿಂತುಬಿಡುತ್ತವೆಂದು ಅಮೆರಿಕದ ಜೀವವಿಜ್ಞಾನಿ ಲಿಯೊನಾರ್ಡ್ ಹೇಫ್ಲಿಕ್ 1961ರಲ್ಲಿ ತೋರಿಸಿದರು. ಪ್ರತಿ ವಿಭಜನೆಗೂ ಡಿಎನ್ಎ ಸುತ್ತಿಕೊಂಡಿರುವ ವರ್ಣತಂತುವಿನ ತುದಿ, ಅಂದರೆ ಟೆಲೊಮಿಯರ್, ಅಷ್ಟಷ್ಟು ಸವೆಯುತ್ತದೆ. ಆ ತುದಿಯನ್ನು ಮತ್ತೆ ಬೆಳೆಸುವ ಟೆಲೊಮರೇಸ್ ಎಂಬ ಕಿಣ್ವವೇನೋ ಇದೆ; ಅದನ್ನು ಸದಾ ಚಾಲೂ ಇಟ್ಟುಕೊಳ್ಳುವವು ಬಹುಪಾಲು ಕ್ಯಾನ್ಸರ್ ಕೋಶಗಳು! ಹಾಗಾಗಿ ವಯಸ್ಸು ಇಳಿಸುವ ಮಾತ್ರೆಯ ಜಾಹೀರಾತು ಕಂಡರೆ ರೊಕ್ಕ ಕಿಸೆಯಲ್ಲೇ ಇರಲಿ.

ಮೊಣಕಾಲಿನ ಕಥೆ ಬೇರೆ. ಕೀಲಿನಲ್ಲಿ ಎಲುಬಿನ ತುದಿಗೆ ಹೊದ್ದಿರುವ ನುಣುಪು ಪದರಕ್ಕೆ, ಅಂದರೆ ಮೃದ್ವಸ್ಥಿಗೆ, ರಕ್ತನಾಳವೇ ಇಲ್ಲ, ಇರುವ ಕೋಶಗಳೂ ಕಡಿಮೆ, ಸವೆದದ್ದು ತುಂಬಿ ಬರುವುದು ಕಷ್ಟ. ಅತ್ತೆಯವರನ್ನು ಎಲುಬಿನ ಡಾಕ್ಟರಿಗೆ ತೋರಿಸಿ. ಗಡಿಗೆಯ ಬೀಜವನ್ನು ನೀವೇ ಪರೀಕ್ಷಿಸಬಹುದು: ಬಿತ್ತುವ ಮುಂಚೆ ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡಿ. ವಾರದೊಳಗೆ 75ಕ್ಕೂ ಹೆಚ್ಚು ಒಳ್ಳೆಯ ಮೊಳಕೆ ಬಂದರೆ ಧೈರ್ಯವಾಗಿ ಬಿತ್ತಿ. ಪ್ರಮಾಣಿತ ತೊಗರಿ ಬೀಜಕ್ಕೂ ಸರಕಾರದ ಅಳತೆ ಅಷ್ಟೇ.